ಮೀನಿನ ಮೈಮೇಲೆ ಬಿಳಿ ಚುಕ್ಕೆ: ಉಪ್ಪೋ, ಬಿಸಿಯೋ, ಹಸಿರು ಔಷಧವೋ?

ಅಕ್ವೇರಿಯಂ ಅಂಗಡಿಗೆ ಹೋಗಿ ‘ಮೀನು ಮಂಕಾಗಿದೆ, ಮೈಮೇಲೆಲ್ಲ ಬಿಳಿ ಬಿಳಿ’ ಅಂದರೆ ಸಾಮಾನ್ಯವಾಗಿ ಕೈಗೆ ಬರುವುದು ಒಂದು ಪುಟ್ಟ ಬಾಟಲಿ. ಒಳಗೆ ನೀಲಿ, ಹಸಿರು ಇಲ್ಲವೇ ಹಳದಿ ದ್ರವ. ‘ದಿನಕ್ಕೆ ನಾಲ್ಕು ಹನಿ ಹಾಕಿ’ ಅನ್ನುವ ಮಾತು ಜೊತೆಗೆ ಉಚಿತ. ಎಷ್ಟು ಲೀಟರ್ ನೀರಿಗೆ ನಾಲ್ಕು ಹನಿ, ಎಷ್ಟು ದಿನ, ಆ ಬಿಳಿ ಯಾವ ಬಿಳಿ ಅನ್ನುವ ಪ್ರಶ್ನೆ ಬರುವುದೇ ಇಲ್ಲ. ಸಿಹಿನೀರಿನ ತೊಟ್ಟಿಗಳಲ್ಲಿ ಪದೇ ಪದೇ ಕಾಣುವ ಬಿಳಿ ಚುಕ್ಕೆ ರೋಗಕ್ಕೆ ಆರು ದಾರಿಗಳಿವೆ: ಉಪ್ಪು, ಬಿಸಿ, ಮ್ಯಾಲಕೈಟ್ ಗ್ರೀನ್–ಫಾರ್ಮಲಿನ್ ಜೋಡಿ (ಹಸಿರು ಔಷಧ), ಮೆಥಿಲೀನ್ ಬ್ಲೂ (ನೀಲಿ ಔಷಧ), ತಾಮ್ರ, ಮತ್ತು ಯಾವ ಔಷಧವೂ ಇಲ್ಲದ ಬಕೆಟ್ ಬದಲಾವಣೆ. ಯಾವುದು ಯಾರ ತೊಟ್ಟಿಗೆ ಅನ್ನುವುದು ಮೀನಿನ ಜಾತಿ, ನೀರು, ಗಿಡ, ಹವೆ ಇಷ್ಟರ ಮೇಲೆ ನಿಂತಿದೆ. ಆದರೆ ಆಯ್ಕೆಗೆ ಕೂರುವ ಮೊದಲು ಎರಡು ಕೆಲಸ ಮುಗಿದಿರಬೇಕು.

ಮೊದಲು ನೀರು

ತೊಟ್ಟಿಯ ಮೀನುಗಳೆಲ್ಲ ಒಂದೇ ಸಲ ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅದು ಹೆಚ್ಚಿನ ಪಾಲು ರೋಗವಲ್ಲ, ನೀರಿನ ತಕರಾರು. ರೋಗ ಒಂದೆರಡು ಮೀನಿನಿಂದ ಶುರುವಾಗಿ ದಿನಗಳಲ್ಲಿ ಹರಡುತ್ತದೆ. ವಿಷ ಎಲ್ಲರಿಗೂ ಗಂಟೆಗಳಲ್ಲಿ ತಟ್ಟುತ್ತದೆ. ಹೊಸ ತೊಟ್ಟಿಯ ಮೊದಲ ನಾಲ್ಕಾರು ವಾರ, ಅಥವಾ ಫಿಲ್ಟರಿನ ಸ್ಪಾಂಜನ್ನು ನಲ್ಲಿಯ ಕೆಳಗೆ ಹಿಂಡಿ ಹಿಂಡಿ ತೊಳೆದ ಮರುದಿನ, ಅಮೋನಿಯಾ ಏರುವುದು ಮಾಮೂಲು. ಸ್ಪಾಂಜಿನಲ್ಲಿ ಕೂತು ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ನಲ್ಲಿ ನೀರಿನ ಕ್ಲೋರಿನ್‌ಗೆ ಸತ್ತಿರುತ್ತವೆ. ಸ್ಪಾಂಜನ್ನು ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ ಅದ್ದಿ ಜಾಲಾಡಿಸಿದರೆ ಸಾಕು.

ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಇರಬೇಕು. ಇಲ್ಲಿ ಬೋರ್‌ವೆಲ್ ನೀರಿನವರು ಇನ್ನೊಂದು ಲೆಕ್ಕ ನೆನಪಿಡಬೇಕು. 25 ಡಿಗ್ರಿಯಲ್ಲಿ ಪಿಎಚ್ (ನೀರಿನ ಆಮ್ಲ–ಕ್ಷಾರದ ಅಳತೆ) 7 ಇದ್ದರೆ ಒಟ್ಟು ಅಮೋನಿಯಾದಲ್ಲಿ ವಿಷರೂಪದಲ್ಲಿರುವುದು ಸುಮಾರು ಶೇ. 0.6 ಮಾತ್ರ. ಪಿಎಚ್ 8 ಆದರೆ ಅದು ಶೇ. 5 ದಾಟುತ್ತದೆ. ಅಂದರೆ ಕಿಟ್ ಒಂದೇ ಬಣ್ಣ ತೋರಿಸಿದರೂ ಗಡಸು, ಕ್ಷಾರದ ನೀರಿನಲ್ಲಿ ಮೀನಿಗೆ ಒಂಬತ್ತು ಪಟ್ಟು ಪೆಟ್ಟು. ಕಾವೇರಿ ನೀರಿನವರ ಸಮಸ್ಯೆ ಬೇರೆ: ಕ್ಲೋರಿನ್. ಬಕೆಟ್‌ನಲ್ಲಿ ಏರ್‌ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಹಾಕಿ ಒಂದು ದಿನ ಬಿಡಿ, ಇಲ್ಲವೇ ಕ್ಲೋರಿನ್ ತೆಗೆಯುವ ದ್ರವ ಬಳಸಿ. ಟ್ಯಾಂಕರ್ ನೀರು ಇವತ್ತೊಂದು ಥರ, ನಾಳೆಯೊಂದು ಥರ. ತೊಟ್ಟಿಗೆ ಹಾಕುವ ಮುಂಚೆ ಪ್ರತಿ ಸಲ ಪಿಎಚ್ ನೋಡುವುದೇ ಒಳ್ಳೆಯದು.

ನೀರು ಕೆಟ್ಟಿದ್ದರೆ ಅರ್ಧ ನೀರು ಬದಲಿಸಿ, ಒಂದು ದಿನ ಊಟ ನಿಲ್ಲಿಸಿ, ಮತ್ತೆ ನೋಡಿ. ಕೆಟ್ಟ ನೀರಿಗೆ ಔಷಧ ಹಾಕಿದರೆ ಇದ್ದ ವಿಷದ ಜೊತೆ ಇನ್ನೊಂದು ವಿಷ ಸೇರಿತು, ಅಷ್ಟೆ.

ಯಾವ ಬಿಳಿ?

ರಾತ್ರಿ ಕೋಣೆಯ ದೀಪ, ತೊಟ್ಟಿಯ ದೀಪ ಎರಡೂ ಆರಿಸಿ. ಹತ್ತು ನಿಮಿಷ ಕಾಯಿರಿ. ಮೀನು ಒಂದೆಡೆ ನಿಂತಿರುವಾಗ ಟಾರ್ಚನ್ನು ಗಾಜಿಗೆ ಒತ್ತಿ, ಬೆಳಕು ಮೀನಿನ ಬೆನ್ನಿನ ಮೇಲೆ ಓರೆಯಾಗಿ ಸರಿಯುವಂತೆ ಹಿಡಿಯಿರಿ. ಹಗಲು ಕಾಣದ್ದು ಹೀಗೆ ಕಾಣುತ್ತದೆ.

ಒಂದೊಂದೂ ಬಿಡಿಬಿಡಿಯಾಗಿ, ಉಪ್ಪಿಟ್ಟಿನ ರವೆ ಉದುರಿಸಿದಂತೆ, ಅರ್ಧದಿಂದ ಒಂದು ಮಿಲಿಮೀಟರಿನ ಉಬ್ಬಿದ ಚುಕ್ಕೆಗಳಿದ್ದರೆ ಅದು ಬಿಳಿ ಚುಕ್ಕೆ ರೋಗ. ಇಕ್ ಎಂದು ಕರೆಯುವುದು ಇದನ್ನೇ. ಕಾರಣ ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಜೀವಿ. ಬಾಲ, ಈಜುರೆಕ್ಕೆಗಳ ಮೇಲೆ ಮೊದಲು ಕಣ್ಣಿಗೆ ಬೀಳುತ್ತದೆ, ಯಾಕೆಂದರೆ ಅಲ್ಲಿ ಚರ್ಮ ಪಾರದರ್ಶಕ. ಮೀನು ಜಲ್ಲಿಕಲ್ಲಿಗೆ, ಫಿಲ್ಟರಿನ ಪೈಪಿಗೆ ಮೈ ಉಜ್ಜಿ ಥಟ್ಟನೆ ಓಡುತ್ತದೆ. ಕೆಲವೊಮ್ಮೆ ರೋಗ ಬರೀ ಕಿವಿರಿನಲ್ಲಿ ಕೂತಿರುತ್ತದೆ. ಮೈಮೇಲೆ ಒಂದು ಚುಕ್ಕೆಯೂ ಇಲ್ಲದೆ ಮೀನು ಏದುಸಿರು ಬಿಟ್ಟು ಸಾಯುತ್ತದೆ.

ಚುಕ್ಕೆಗಳು ಎಣಿಸಲಾಗದಷ್ಟು ಸಣ್ಣದಾಗಿ, ಅರಿಶಿನ ಪುಡಿಯನ್ನು ಜರಡಿ ಹಿಡಿದಂತೆ ಹೊಂಬಣ್ಣದಲ್ಲಿ ಮಿನುಗಿದರೆ ಅದು ವೆಲ್ವೆಟ್ ಎಂಬ ಬೇರೆ ರೋಗ. ಫೈಟರ್ ಮೀನುಗಳಲ್ಲಿ ಹೆಚ್ಚು. ಇದರ ಪರಾವಲಂಬಿಗೆ ಗಿಡಗಳಂತೆ ಪತ್ರಹರಿತ್ತು ಇರುವುದರಿಂದ ತೊಟ್ಟಿಯ ದೀಪ ಆರಿಸುವುದೂ ಚಿಕಿತ್ಸೆಯ ಭಾಗ.

ತಪ್ಪಾಗುವುದು ಹೆಚ್ಚು ಮೂರನೆಯದರಲ್ಲಿ. ಬಾಯಿಯ ಸುತ್ತ ಬೂದಿಬಣ್ಣದ ಪೊರೆ, ಬೆನ್ನಿನ ಮೇಲೆ ಕುದುರೆಯ ಜೀನು ಹಾಕಿದಂಥ ಮಾಸಲು ಪಟ್ಟಿ, ಅಂಚಿನಲ್ಲಿ ಚಿಂದಿಯಾದ ರೆಕ್ಕೆ ಕಂಡರೆ ಅದು ಕಾಲಮ್ನಾರಿಸ್ ಎಂಬ ಬ್ಯಾಕ್ಟೀರಿಯಾ ರೋಗ. ನೋಡಲು ಹತ್ತಿಯಂತಿರುವುದರಿಂದ ‘ಫಂಗಸ್’ ಎಂದು ತಿಳಿದು ನೀಲಿ ಔಷಧ ಹಾಕುತ್ತಾರೆ. ನಿಜವಾದ ಫಂಗಸ್ ಗಾಯದ ಮೇಲೆ ಎಳೆಎಳೆಯಾಗಿ ನೀರಿನಲ್ಲಿ ತೂಗಾಡುತ್ತದೆ, ನಿಧಾನ ಬೆಳೆಯುತ್ತದೆ. ಕಾಲಮ್ನಾರಿಸ್ ಒತ್ತಾಗಿ ಅಂಟಿಕೊಂಡಿರುತ್ತದೆ. ಬಿಸಿ ನೀರಿನಲ್ಲಿ ಒಂದೆರಡು ದಿನದಲ್ಲೇ ಮೀನನ್ನು ಮುಗಿಸಬಲ್ಲದು. ಬಿಳಿ ಚುಕ್ಕೆ ಎಂದುಕೊಂಡು ಹೀಟರ್ ಏರಿಸಿದರೆ ಬೆಂಕಿಗೆ ತುಪ್ಪ ಸುರಿದಂತೆ.

ರೋಗವೇ ಅಲ್ಲದ ಬಿಳಿಗಳೂ ಇವೆ. ಗಂಡು ಗೋಲ್ಡ್‌ಫಿಷ್ ಬೆದೆಗೆ ಬಂದಾಗ ಕಿವಿರಿನ ಮುಚ್ಚಳದ ಮೇಲೂ ಎದೆಯ ರೆಕ್ಕೆಯ ಮುಂಚೂಣಿಯ ಮುಳ್ಳಿನ ಮೇಲೂ ಸಾಲಾಗಿ ಬಿಳಿ ಗುಳ್ಳೆಗಳು ಏಳುತ್ತವೆ. ಜಾಗ ನಿಖರ, ಎರಡೂ ಬದಿಗೆ ಒಂದೇ ಥರ, ಮೀನು ಲವಲವಿಕೆಯಿಂದ ಹೆಣ್ಣಿನ ಹಿಂದೆ ಓಡುತ್ತಿರುತ್ತದೆ. ಇದಕ್ಕೆ ಔಷಧ ಸುರಿದವರಿಗೆ ಲೆಕ್ಕವಿಲ್ಲ. ರೆಕ್ಕೆಯಂಚಿನಲ್ಲಿ ಹೂಕೋಸಿನ ತುಣುಕಿನಂಥ ಗಂಟು ವಾರಗಟ್ಟಲೆ ಬದಲಾಗದೆ ಇದ್ದರೆ ಅದು ಲಿಂಫೋಸಿಸ್ಟಿಸ್, ವೈರಸ್ಸಿನದು. ಔಷಧ ಇಲ್ಲ, ಬಹುತೇಕ ತಾನಾಗಿ ಹೋಗುತ್ತದೆ. ಹೊಸ ನೀರು ತುಂಬಿದ ತಕ್ಷಣ ಮೈಗೆ ಅಂಟಿದ ಗಾಳಿಗುಳ್ಳೆಗಳೂ ಬಿಳಿ ಚುಕ್ಕೆಯಂತೆ ಕಂಡು ಗಾಬರಿ ಹುಟ್ಟಿಸುತ್ತವೆ. ಒಂದೆರಡು ಗಂಟೆಯಲ್ಲಿ ಮಾಯವಾದರೆ ಅದು ಗಾಳಿ.

ಅನುಮಾನ ಉಳಿದರೆ ಮೈಕ್ರೋಸ್ಕೋಪ್ ಮಾತ್ರ ತೀರ್ಪು ಕೊಡುತ್ತದೆ. ಮೈಯ ಲೋಳೆಯನ್ನು ಗಾಜಿನ ಚೂರಿನಂಚಿನಿಂದ ಮೃದುವಾಗಿ ಸವರಿ, ಒಂದು ಹನಿ ತೊಟ್ಟಿಯ ನೀರಿನಲ್ಲಿಟ್ಟು ನೋಡಿದರೆ ಇಕ್ ಜೀವಿ ನಿಧಾನ ಉರುಳುತ್ತಿರುತ್ತದೆ, ಒಳಗೆ ಕುದುರೆಲಾಳದ ಆಕಾರದ ಕೋಶಕೇಂದ್ರ. ಬೆಲೆಬಾಳುವ ಮೀನಿನ ಸಂಗ್ರಹ ಇರುವವರು ಹತ್ತಿರದ ಮೀನುಗಾರಿಕಾ ಕಾಲೇಜನ್ನೋ ಪಶುವೈದ್ಯರನ್ನೋ ಕೇಳುವುದು ಮೇಲು. ಮಂಗಳೂರಿನಲ್ಲಿ 1969ರಿಂದ ಮೀನುಗಾರಿಕಾ ಕಾಲೇಜು ಇದೆ.

ಔಷಧ ತಟ್ಟುವ ಹೊತ್ತು

ಮೈಮೇಲೆ ಕಾಣುವ ಚುಕ್ಕೆ ಚರ್ಮದ ಒಳಗೆ ಕೂತ ಪರಾವಲಂಬಿ. ಮೇಲೆ ಮೀನಿನದೇ ಚರ್ಮದ ಹೊದಿಕೆ. ಅಲ್ಲಿರುವಾಗ ನೀರಿಗೆ ಹಾಕಿದ ಯಾವುದೂ ಅದಕ್ಕೆ ತಾಗುವುದಿಲ್ಲ. ತಿಂದು ದಪ್ಪಗಾದ ಮೇಲೆ ಚರ್ಮ ಸೀಳಿ ಹೊರಬಂದು, ಜಲ್ಲಿಗೋ ಗಿಡಕ್ಕೋ ಅಂಟಿ, ಸುತ್ತ ಕವಚ ಕಟ್ಟಿಕೊಂಡು ಒಳಗೆ ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಕವಚವೂ ಗಟ್ಟಿ. ಮರಿಗಳು ಹೊರಬಂದು ಹೊಸ ಮೀನು ಹುಡುಕಿ ಈಜುವಾಗ ಮಾತ್ರ ಅವು ಬೆತ್ತಲೆ. ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ತಾವೇ ಸಾಯುತ್ತವೆ. ಉಪ್ಪಾಗಲಿ, ಹಸಿರು ಔಷಧವಾಗಲಿ, ತಾಮ್ರವಾಗಲಿ ಕೊಲ್ಲುವುದು ಮುಖ್ಯವಾಗಿ ಈ ಈಜುವ ಮರಿಗಳನ್ನು.

ಇದರಿಂದ ಎರಡು ವಿಷಯ ಬಿಡಿಸಿಕೊಳ್ಳಬಹುದು. ಚಿಕಿತ್ಸೆ ಶುರುಮಾಡಿದ ಎರಡು ದಿನ ಚುಕ್ಕೆ ಹೆಚ್ಚಾದರೆ ಔಷಧ ಸೋತಿತು ಎಂದಲ್ಲ. ಮೊದಲೇ ಚರ್ಮದೊಳಗೆ ಹೊಕ್ಕವು ಈಗ ದಪ್ಪಗಾಗಿ ಕಾಣುತ್ತಿವೆ. ಹಾಗೆಯೇ ನಾಲ್ಕನೇ ದಿನ ಮೈ ಸ್ವಚ್ಛವಾಯಿತೆಂದು ಔಷಧ ನಿಲ್ಲಿಸಿದರೆ ಕೆಟ್ಟಿರಿ. ಉದುರಿದವೆಲ್ಲ ತಳದಲ್ಲಿ ಕವಚದೊಳಗೆ ಒಡೆಯುತ್ತಿವೆ. ವಾರದ ನಂತರ ‘ರೋಗ ಮತ್ತೆ ಬಂತು’ ಎನ್ನುವವರಲ್ಲಿ ಬಹುಪಾಲು ಜನರ ತೊಟ್ಟಿಯಿಂದ ಅದು ಹೋಗಿಯೇ ಇರುವುದಿಲ್ಲ.

ಈ ಚಕ್ರದ ವೇಗ ಹವೆಯ ಕೈಯಲ್ಲಿದೆ. 25 ಡಿಗ್ರಿಯ ಆಸುಪಾಸಿನಲ್ಲಿ ಒಂದು ಸುತ್ತಿಗೆ ಮೂರರಿಂದ ಆರು ದಿನ. 10 ಡಿಗ್ರಿಯ ನೀರಿನಲ್ಲಿ ತಿಂಗಳಿಗೂ ಹೆಚ್ಚು. ಡಿಸೆಂಬರ್–ಜನವರಿಯಲ್ಲಿ ಬೆಂಗಳೂರು, ಮೈಸೂರು, ಮಡಿಕೇರಿ ಕಡೆ ರಾತ್ರಿ ನೀರು ತಣ್ಣಗಾಗಿ ಹಗಲು ಏರುತ್ತಾ ಮೀನು ಬಳಲುತ್ತದೆ. ಚುಕ್ಕೆ ಕಾಣುವ ಕಾಲವೂ ಅದೇ.

ಲೀಟರ್ ಲೆಕ್ಕ

ಯಾವ ದಾರಿ ಹಿಡಿದರೂ ನೀರು ಎಷ್ಟು ಲೀಟರ್ ಎಂದು ಗೊತ್ತಿರಬೇಕು. ಉದ್ದ, ಅಗಲ, ನೀರಿನ ಎತ್ತರ ಸೆಂಟಿಮೀಟರಿನಲ್ಲಿ ಗುಣಿಸಿ 1000ದಿಂದ ಭಾಗಿಸಿ. ಎರಡಡಿಯ ಮಾಮೂಲಿ ತೊಟ್ಟಿ 60 × 30 × 30 ಅಂದರೆ 54 ಲೀಟರ್. ಬಾಯಿಯ ತನಕ ತುಂಬಿರುವುದಿಲ್ಲ, ತಳದಲ್ಲಿ ಜಲ್ಲಿ ಇದೆ. ನಿಜವಾದ ನೀರು 45 ಲೀಟರ್ ಎಂದಿಟ್ಟುಕೊಳ್ಳಿ. ಕೆಳಗಿನ ಲೆಕ್ಕಗಳೆಲ್ಲ ಈ 45 ಲೀಟರಿಗೆ.

ಉಪ್ಪು

ಅಗ್ಗ, ಮನೆಯಲ್ಲೇ ಇದೆ, ತಪ್ಪಾದರೆ ನೀರು ಬದಲಿಸಿ ಸರಿಪಡಿಸಬಹುದು. ಗೋಲ್ಡ್‌ಫಿಷ್, ಗಪ್ಪಿ, ಮೊಲ್ಲಿ, ಪ್ಲಾಟಿ ಇರುವ ತೊಟ್ಟಿಗೆ ಮೊದಲ ಆಯ್ಕೆ ಇದೇ. ಮೀನಿನ ರಕ್ತದಲ್ಲಿ ಉಪ್ಪಿನಂಶ ಶೇ. 0.9ರ ಆಸುಪಾಸು, ಸಿಹಿನೀರಿನಲ್ಲಿ ಹೆಚ್ಚುಕಡಿಮೆ ಸೊನ್ನೆ. ಹೀಗಾಗಿ ನೀರು ಸದಾ ಮೈಯೊಳಗೆ ನುಗ್ಗುತ್ತಿರುತ್ತದೆ, ಮೀನು ಅದನ್ನು ಹೊರಹಾಕುತ್ತಲೇ ಇರುತ್ತದೆ. ಚುಕ್ಕೆಗಳು ಸೀಳಿ ಚರ್ಮ ತೂತಾದಾಗ ಈ ಹೊರೆ ಹೆಚ್ಚುತ್ತದೆ. ಉಪ್ಪು ಹೊರೆ ಇಳಿಸುತ್ತದೆ, ಜೊತೆಗೆ ಈಜುವ ಮರಿಗಳಿಗೆ ಬದುಕು ಕಷ್ಟವಾಗಿಸುತ್ತದೆ.

ಪ್ರಮಾಣ ಲೀಟರಿಗೆ 3 ಗ್ರಾಂ. 45 ಲೀಟರಿಗೆ 135 ಗ್ರಾಂ. ಒಂದೇ ಸಲ ಬೇಡ: 45 ಗ್ರಾಂನಂತೆ ಮೂರು ಭಾಗ ಮಾಡಿ, 12 ಗಂಟೆಗೊಮ್ಮೆ. ಪ್ರತಿ ಭಾಗವನ್ನೂ ತೊಟ್ಟಿಯದೇ ಒಂದು ಮಗ್ ನೀರಿನಲ್ಲಿ ಪೂರ್ತಿ ಕರಗಿಸಿ ಫಿಲ್ಟರಿನ ನೀರು ಬೀಳುವ ಕಡೆ ನಿಧಾನ ಸುರಿಯಿರಿ. ಹರಳನ್ನೇ ಎಸೆದರೆ ತಳದಲ್ಲಿ ಕೂತು, ಅದರ ಮೇಲೆ ಮಲಗಿದ ಮೀನಿನ ಹೊಟ್ಟೆ ಸುಡುತ್ತದೆ. ಚಮಚದ ಅಳತೆ ನಂಬಬೇಡಿ. ಪುಡಿ ಉಪ್ಪು, ಕಲ್ಲುಪ್ಪು ಒಂದೇ ಚಮಚದಲ್ಲಿ ಬೇರೆ ಬೇರೆ ತೂಕ. ಅಡುಗೆಮನೆಯ ತಕ್ಕಡಿ ಸಾಕು.

ಎಡವುವುದು ನೀರು ಬದಲಿಸುವಾಗ. ಉಪ್ಪು ಆವಿಯಾಗುವುದಿಲ್ಲ. ಆವಿಯಾದ ನೀರಿನ ಬದಲಿಗೆ ಬರೀ ನೀರು ಸೇರಿಸಿ. 11 ಲೀಟರ್ ತೆಗೆದು 11 ಲೀಟರ್ ಹೊಸದು ಹಾಕಿದರೆ ಆ 11 ಲೀಟರಿಗಷ್ಟೇ, 33 ಗ್ರಾಂ. ಪ್ರತಿ ಸಲ ಮತ್ತೆ 135 ಗ್ರಾಂ ಹಾಕುವವರ ತೊಟ್ಟಿ ವಾರದಲ್ಲಿ ಉಪ್ಪುನೀರಾಗುತ್ತದೆ. ಕೊನೆಯ ಚುಕ್ಕೆ ಹೋದ ಮೇಲಿನ ದಿನಗಳೂ ಸೇರಿ ಒಟ್ಟು 10ರಿಂದ 14 ದಿನ ಉಪ್ಪು ಇಡಿ. ಆಮೇಲೆ ಎರಡು ದಿನಕ್ಕೊಮ್ಮೆ ಕಾಲುಭಾಗ ನೀರು ಬದಲಿಸುತ್ತಾ ಇಳಿಸಿ.

ಯಾವ ಉಪ್ಪು? ಕಲ್ಲುಪ್ಪು. ಅಯೋಡಿನ್ ಇದ್ದರೆ ಮೀನು ಸಾಯುತ್ತದೆ ಅನ್ನುವುದು ಬರೀ ಭಯ, ಪ್ರಮಾಣ ಅತ್ಯಲ್ಪ. ಪುಡಿ ಉಪ್ಪಿಗೆ ಗಂಟು ಕಟ್ಟದಿರಲೆಂದು ಬೆರೆಸುವ ಪದಾರ್ಥದಿಂದ ನೀರು ಮಬ್ಬಾಗುತ್ತದೆ, ಅದಕ್ಕಾಗಿ ಕಲ್ಲುಪ್ಪು ಮೇಲು. ಕಪ್ಪು ಉಪ್ಪು ಬೇಡ. ಎಪ್ಸಮ್ ಉಪ್ಪು ಹೆಸರಿಗೆ ಉಪ್ಪಾದರೂ ಮೆಗ್ನೀಸಿಯಂ ಸಲ್ಫೇಟ್. ಬಿಳಿ ಚುಕ್ಕೆಗೂ ಅದಕ್ಕೂ ಸಂಬಂಧವಿಲ್ಲ.

ಒಗ್ಗದವರು: ತಳದಲ್ಲಿ ಓಡಾಡುವ ಕೋರಿಡೋರಸ್, ಲೋಚ್‌ಗಳು, ಕೆಲವು ಟೆಟ್ರಾಗಳು, ಸೀಗಡಿ, ಬಸವನಹುಳು, ಮತ್ತೆ ಕೆಲವು ಜಾತಿಯ ಗಿಡಗಳು. ಇವರಿಗೆ ಲೀಟರಿಗೆ 1 ಗ್ರಾಂ ತಡೆದೀತು, ಆದರೆ 1 ಗ್ರಾಂ ಚಿಕಿತ್ಸೆಯಲ್ಲ.

ಬಿಸಿ

ಗಿಡಕ್ಕೆ ಕೆಡುಕಿಲ್ಲ, ನೀರಿಗೆ ಏನೂ ಸೇರುವುದಿಲ್ಲ. ಟೆಟ್ರಾ, ಏಂಜೆಲ್, ಗೌರಾಮಿ ಇರುವ ಗಿಡದ ತೊಟ್ಟಿಗೆ ಇದು ಒಳ್ಳೆಯ ದಾರಿ. ಆದರೆ 30 ಡಿಗ್ರಿ ಮುಟ್ಟಬೇಕು, ಮುಟ್ಟಿ ಹತ್ತು ದಿನ ಅಲ್ಲೇ ನಿಲ್ಲಬೇಕು. 28ಕ್ಕೆ ನಿಲ್ಲಿಸಿದರೆ ಪರಾವಲಂಬಿ ಸಾಯುವುದಿಲ್ಲ, ಅದರ ಚಕ್ರ ಇನ್ನೂ ಚುರುಕಾಗುತ್ತದೆ. ಉಪ್ಪೋ ಔಷಧವೋ ಜೊತೆಗಿದ್ದರೆ ಆ ಚುರುಕು ನಮಗೇ ಲಾಭ, ಮರಿಗಳು ಬೇಗ ಹೊರಬಂದು ಬೇಗ ಸಾಯುತ್ತವೆ. ಒಂಟಿಯಾಗಿ 28 ಡಿಗ್ರಿ ರೋಗಕ್ಕೆ ಊಟ ಹಾಕಿದ ಹಾಗೆ.

ಆರೆಂಟು ಗಂಟೆಗೆ ಒಂದು ಡಿಗ್ರಿಯಂತೆ ಏರಿಸಿ. ಲೀಟರಿಗೆ ಸುಮಾರು ಒಂದು ವಾಟ್, ಅಂದರೆ ಈ ತೊಟ್ಟಿಗೆ 50 ವಾಟ್ ಹೀಟರ್. ಹೀಟರಿನ ಮೇಲೆ ಬರೆದ ಅಂಕಿಯನ್ನು ನಂಬದೆ ಬೇರೆ ಥರ್ಮಾಮೀಟರ್ ಇಡಿ; ಅಗ್ಗದ ಹೀಟರಿನ ಥರ್ಮೋಸ್ಟಾಟ್ ಅಂಟಿಕೊಂಡರೆ ಮೀನು ಬೇಯುತ್ತದೆ. ನೀರು ತೆಗೆಯುವ ಮುನ್ನ ಪ್ಲಗ್ ಎಳೆದು ಕಾಲು ಗಂಟೆ ಬಿಡಿ. ಬಿಸಿ ಗಾಜು ಗಾಳಿಗೆ ತೆರೆದುಕೊಂಡರೆ ಒಡೆಯುತ್ತದೆ, ಶಾಕ್ ಹೊಡೆಯುವ ಅಪಾಯ ಬೇರೆ.

ಬಿಸಿಯ ಬೆಲೆ ಆಮ್ಲಜನಕ. 25 ಡಿಗ್ರಿಯ ನೀರು ಲೀಟರಿಗೆ 8.3 ಮಿಲಿಗ್ರಾಂ ಆಮ್ಲಜನಕ ಹಿಡಿಯಬಲ್ಲದು, 30ರಲ್ಲಿ 7.6. ವ್ಯತ್ಯಾಸ ಸಣ್ಣದು ಅನ್ನಿಸಬಹುದು. ಕಿವಿರಿನ ತುಂಬ ಚುಕ್ಕೆ ಇರುವ ಮೀನಿಗೆ ಸಣ್ಣದಲ್ಲ. ಇನ್ನೊಂದು ಏರ್‌ಸ್ಟೋನ್ ಹಾಕಿ, ಇಲ್ಲವೇ ಮೇಲ್ಮೈ ಕುಲುಕುವಂತೆ ಫಿಲ್ಟರಿನ ಬಾಯಿ ತಿರುಗಿಸಿ. ತಣ್ಣೀರಿನ ಮೀನಾದ ಗೋಲ್ಡ್‌ಫಿಷ್‌ಗೆ 30 ಡಿಗ್ರಿಯ ಹತ್ತು ದಿನ ಹಿಂಸೆ. ಅದಕ್ಕೆ ಉಪ್ಪೇ ಸರಿ. ರಾತ್ರಿ ಕರೆಂಟು ಹೋಗುವ ಊರಿನಲ್ಲಿ ಹೀಟರ್ ನೆಚ್ಚಿಕೊಂಡ ಚಿಕಿತ್ಸೆ ಅರ್ಧಕ್ಕೆ ನಿಲ್ಲುತ್ತದೆ. ಮತ್ತೆ, ಬಿಸಿ ತಡೆಯುವ ಇಕ್ ತಳಿಗಳೂ ಇವೆ: 30ರಲ್ಲಿ ಐದು ದಿನ ಕಳೆದರೂ ಹೊಸ ಚುಕ್ಕೆ ಬರುತ್ತಲೇ ಇದ್ದರೆ ಹಟ ಹಿಡಿಯದೆ ದಾರಿ ಬದಲಿಸಿ. ಆಗ ಹೀಟರನ್ನು 26ಕ್ಕೆ ಇಳಿಸುವುದನ್ನು ಮರೆಯಬೇಡಿ, ಕಾರಣ ಮುಂದಿದೆ.

ಮ್ಯಾಲಕೈಟ್ ಗ್ರೀನ್ ಮತ್ತು ಫಾರ್ಮಲಿನ್

ವೇಗದಲ್ಲಿ, ಬಲದಲ್ಲಿ ಇದರ ಮುಂದೆ ಉಳಿದವು ನಿಲ್ಲುವುದಿಲ್ಲ. ಮೈ ತುಂಬ ಚುಕ್ಕೆ, ಮೀನು ಊಟ ಬಿಟ್ಟಿದೆ, ಉಸಿರು ಜೋರಾಗಿದೆ ಅನ್ನುವಾಗ ಉಪ್ಪಿಗೆ ಕಾಯುವಷ್ಟು ಸಮಯವಿಲ್ಲ. ಆದರೆ ಇದು ಹುಷಾರಾಗಿ ಮುಟ್ಟಬೇಕಾದ ಸಾಮಾನು.

ರೂಢಿಯ ಪ್ರಮಾಣ: ಮ್ಯಾಲಕೈಟ್ ಗ್ರೀನ್ ಲೀಟರಿಗೆ 0.05ರಿಂದ 0.1 ಮಿಲಿಗ್ರಾಂ, ಫಾರ್ಮಲಿನ್ ಲೀಟರಿಗೆ 0.025 ಮಿಲಿ, 45 ಲೀಟರಿಗೆ ಒಂದು ಮಿಲಿಗಿಂತ ಚೂರು ಹೆಚ್ಚು. ಈ ಅಂಕಿ ಕೊಟ್ಟಿರುವುದು ರಾಸಾಯನಿಕದ ಅಂಗಡಿಯಿಂದ ತಂದು ಮನೆಯಲ್ಲಿ ಬೆರೆಸಲಿ ಎಂದಲ್ಲ. ಎಷ್ಟು ಕಡಿಮೆ ಸಾಕು, ಎಷ್ಟು ಸುಲಭವಾಗಿ ಮಿತಿಮೀರುತ್ತದೆ ಎಂದು ತಿಳಿಯಲಿ ಎಂದು. ಎಷ್ಟು ಲೀಟರಿಗೆ ಎಷ್ಟು ಮಿಲಿ ಎಂದು ಬಾಟಲಿಯ ಮೇಲೆ ಅಚ್ಚಾಗಿರುವ ಸಿದ್ಧ ಔಷಧವನ್ನೇ ಕೊಳ್ಳಿ. ಲೇಬಲ್ ಇಲ್ಲದ ಹಸಿರು ನೀರನ್ನು ಅಂಗಡಿಯಲ್ಲೇ ಬಿಡಿ. ಹನಿ ಎಣಿಸದೆ ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಿರಿ.

ಕ್ರಮ ಹೀಗೆ. ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆಯಿರಿ, ಅದು ಔಷಧವನ್ನೆಲ್ಲ ಹೀರಿಬಿಡುತ್ತದೆ. ಯುವಿ ದೀಪವಿದ್ದರೆ ಆರಿಸಿ. ತಳದ ಕಸ ಪೈಪಿನಿಂದ ಎಳೆದು ಕಾಲುಭಾಗ ನೀರು ಬದಲಿಸಿ. ತೊಟ್ಟಿಯ ದೀಪ ಆರಿಸಿ, ಯಾಕೆಂದರೆ ಬೆಳಕಿಗೆ ಮ್ಯಾಲಕೈಟ್ ಗ್ರೀನ್ ಬೇಗ ಕ್ಷೀಣಿಸುತ್ತದೆ. ಗಾಳಿ ಜೋರು ಮಾಡಿ ಔಷಧ ಹಾಕಿ. ಮೂರನೇ, ಐದನೇ, ಏಳನೇ ದಿನ ಇದೇ ಕ್ರಮ, ಪ್ರತಿ ಸಲ ಮೊದಲು ನೀರು, ಆಮೇಲೆ ಔಷಧ. ಮೈ ಸ್ವಚ್ಛವಾದರೂ ಏಳನೇ ದಿನದ ಡೋಸ್ ಬಿಡಬೇಡಿ.

ಫಾರ್ಮಲಿನ್ ಆಮ್ಲಜನಕ ಕಬಳಿಸುತ್ತದೆ: ಲೀಟರಿಗೆ 5 ಮಿಲಿಗ್ರಾಂ ಹಾಕಿದರೆ 1 ಮಿಲಿಗ್ರಾಂ ಆಮ್ಲಜನಕ ಹೋಯಿತೆಂದು ಲೆಕ್ಕ. ಬಿಸಿ ನೀರಿನಲ್ಲಿ ಮೊದಲೇ ಆಮ್ಲಜನಕ ಕಡಿಮೆ. 30 ಡಿಗ್ರಿ ಮತ್ತು ಫಾರ್ಮಲಿನ್ ಒಟ್ಟಿಗೆ ಬಂದರೆ ಬೆಳಗಾಗುವಷ್ಟರಲ್ಲಿ ಮೀನು ತೇಲುತ್ತದೆ, ಬಯ್ಗುಳ ಔಷಧಕ್ಕೆ. ಬಾಟಲಿಯ ತಳದಲ್ಲಿ ಬಿಳಿ ಗಸಿ ಕಂಡರೆ ಫಾರ್ಮಲಿನ್ ಕೆಟ್ಟು ಇನ್ನೂ ವಿಷವಾಗಿದೆ ಎಂದರ್ಥ, ಬಳಸಬೇಡಿ. ಟೆಟ್ರಾಗಳಿಗೆ, ಹುರುಪೆ ಇಲ್ಲದ ಲೋಚ್ ಮತ್ತು ಕ್ಯಾಟ್‌ಫಿಷ್ ಜಾತಿಯವಕ್ಕೆ, ಅಂಗಡಿಯಲ್ಲಿ ‘ಶಾರ್ಕ್’ ಎಂದು ಮಾರುವ ಪಂಗಾಸಿಯಸ್ ಮರಿಗಳಿಗೆ ಅರ್ಧ ಪ್ರಮಾಣ.

ಮನುಷ್ಯರಿಗೂ ಇದು ಒಳ್ಳೆಯದಲ್ಲ. ಕೈಗವಸು ಹಾಕಿ, ಕಿಟಕಿ ತೆರೆದಿಡಿ, ಗರ್ಭಿಣಿಯರು ಮುಟ್ಟುವುದು ಬೇಡ, ಮಕ್ಕಳ ಕೈಗೆ ಸಿಗದಿರಲಿ. ತಿನ್ನುವ ಮೀನು ಸಾಕಣೆಯಲ್ಲಿ ಮ್ಯಾಲಕೈಟ್ ಗ್ರೀನ್ ನಮ್ಮ ದೇಶದಲ್ಲಿ ನಿಷಿದ್ಧ. ಮನೆಯ ಹಿಂದಿನ ಕೊಳದಲ್ಲಿ ಕಾಟ್ಲಾ, ರೋಹು ಬಿಟ್ಟಿದ್ದರೆ ಅಲ್ಲಿಗೆ ಇದನ್ನು ಒಯ್ಯಬೇಡಿ. ಔಷಧದ ನೀರನ್ನು ಬಾವಿ, ಕೆರೆಯ ಕಡೆ ಚೆಲ್ಲಬೇಡಿ. ತೊಟ್ಟಿಯ ಅಂಚಿನ ಸಿಲಿಕಾನ್ ಹಸಿರಾಗಿಯೇ ಉಳಿಯುತ್ತದೆ ಅನ್ನುವುದು ಇವೆಲ್ಲದರ ಮುಂದೆ ಸಣ್ಣ ದೂರು.

ನೀಲಿ, ತಾಮ್ರ

ಮೆಥಿಲೀನ್ ಬ್ಲೂ ಬಿಳಿ ಚುಕ್ಕೆಗೆ ದುರ್ಬಲ ಔಷಧ. ಮೊಟ್ಟೆಗೆ ಫಂಗಸ್ ಹತ್ತದಂತೆ, ಗಾಯದ ಫಂಗಸ್ಸಿಗೆ ಅದು ಚೆನ್ನ. ಅದೂ ಬೇರೆ ಟಬ್ಬಿನಲ್ಲಿ: ಲೀಟರಿಗೆ 2 ಮಿಲಿಗ್ರಾಂ, ಅಂದರೆ ಶೇ. 1ರ ದ್ರಾವಣವಾದರೆ 20 ಲೀಟರಿಗೆ 4 ಮಿಲಿ. ತೊಟ್ಟಿಗೇ ಸುರಿದರೆ ಗಿಡ ಹೋಗುತ್ತದೆ, ಫಿಲ್ಟರಿನ ಬ್ಯಾಕ್ಟೀರಿಯಾಕ್ಕೆ ಪೆಟ್ಟಾಗಿ ಅಮೋನಿಯಾ ಏರುತ್ತದೆ, ಆಮೇಲೆ ಮೀನು ಯಾವುದರಿಂದ ಸತ್ತಿತು ಎಂದು ಹೇಳುವುದೂ ಕಷ್ಟ.

ತಾಮ್ರ ವೆಲ್ವೆಟ್‌ಗೆ ನಿಜವಾಗಿ ಕೆಲಸ ಮಾಡುತ್ತದೆ, ಬಿಳಿ ಚುಕ್ಕೆಗೂ. ಲೀಟರಿಗೆ 0.15ರಿಂದ 0.2 ಮಿಲಿಗ್ರಾಂ ಅನ್ನುವ ಸಣ್ಣ ಕಿಂಡಿಯಲ್ಲಿ ನಿಲ್ಲಿಸಬೇಕು. ಕಡಿಮೆಯಾದರೆ ವ್ಯರ್ಥ, ಹೆಚ್ಚಾದರೆ ಮರಣ. ತಾಮ್ರದ ಟೆಸ್ಟ್ ಕಿಟ್ ಇಲ್ಲದವರು ಕೈ ಹಾಕಬಾರದು. ಗಡಸು ನೀರಿನಲ್ಲಿ ತಾಮ್ರ ನೀರಿನಿಂದ ಬೇಗ ಕಳಚಿಕೊಳ್ಳುತ್ತದೆ. ಆರ್‌ಒ ನೀರು, ಮಳೆನೀರಿನಂಥ ಮೆದು ನೀರಿನಲ್ಲಿ ಅದೇ ಪ್ರಮಾಣ ಮೀನನ್ನು ಕೊಲ್ಲುತ್ತದೆ. ಸೀಗಡಿ, ಬಸವನಹುಳು ಒಂದೂ ಉಳಿಯುವುದಿಲ್ಲ.

ಎರಡು ಬಕೆಟ್

ಔಷಧಕ್ಕೂ ಉಪ್ಪಿಗೂ ಒಗ್ಗದ ಒಂದೆರಡು ಮೀನಿದ್ದರೆ, ಮೈಮುರಿದು ದುಡಿಯಲು ತಯಾರಿದ್ದರೆ, ಇದು ಚೆಂದದ ದಾರಿ. 20 ಲೀಟರಿನ ಎರಡು ಬಕೆಟ್, ಎರಡು ಏರ್‌ಸ್ಟೋನ್, ಎರಡು ಬಲೆ. ಮೀನನ್ನು ಒಂದರಲ್ಲಿಟ್ಟು 12 ಗಂಟೆಗೊಮ್ಮೆ ಕ್ಲೋರಿನ್ ತೆಗೆದ, ಅದೇ ಬಿಸಿಯ ಹೊಸ ನೀರಿರುವ ಇನ್ನೊಂದಕ್ಕೆ ದಾಟಿಸಿ. ಉದುರಿದ ಪರಾವಲಂಬಿ ಒಡೆದು ಮರಿ ಹೊರಬರುವ ಮೊದಲೇ ಮೀನು ಅಲ್ಲಿಂದ ಹೋಗಿರುತ್ತದೆ. ಖಾಲಿ ಬಕೆಟ್, ಬಲೆ, ಏರ್‌ಸ್ಟೋನ್ ತೊಳೆದು ಬಿಸಿಲಿನಲ್ಲಿ ಗರಿಗರಿ ಒಣಗಿಸಿ. ತೇವ ಉಳಿದರೆ ಇಡೀ ಶ್ರಮ ನೀರುಪಾಲು. ಏಳು ದಿನ ಹೀಗೆ. ಅತ್ತ ದೊಡ್ಡ ತೊಟ್ಟಿಯಲ್ಲಿ ಒಂದು ಮೀನೂ ಇಲ್ಲದಂತೆ 27–28 ಡಿಗ್ರಿಯಲ್ಲಿ ಹತ್ತು ದಿನ ಬಿಟ್ಟರೆ ಅಲ್ಲಿಯ ಮರಿಗಳು ಮೀನು ಸಿಗದೆ ತೀರಿಹೋಗುತ್ತವೆ. ಒಂದೇ ಒಂದು ಸಕ್ಕರ್ ಮೀನು ಮರದ ಬೊಡ್ಡೆಯ ಹಿಂದೆ ಉಳಿದರೂ ಲೆಕ್ಕ ಕೆಟ್ಟಿತು.

ಆಂಟಿಬಯಾಟಿಕ್ ಈ ಪಟ್ಟಿಯಲ್ಲಿ ಇಲ್ಲ, ಇರಬಾರದು. ಬಿಳಿ ಚುಕ್ಕೆ ಬ್ಯಾಕ್ಟೀರಿಯಾದ್ದಲ್ಲ. ಮೆಡಿಕಲ್ ಸ್ಟೋರಿನಿಂದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲ್ ತಂದು ತೊಟ್ಟಿಗೆ ಒಡೆದು ಹಾಕುವ ರೂಢಿಯಿಂದ ಫಿಲ್ಟರ್ ಹಾಳಾಗಬಹುದು, ನೀರು ಹಳದಿಯಾಗುತ್ತದೆ, ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೆಳೆಯುತ್ತವೆ. ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಟೆಟ್ರಾಸೈಕ್ಲಿನ್ ಜೊತೆ ಕೂಡಿಕೊಂಡು ಅದನ್ನು ಕೆಲಸಕ್ಕೆ ಬಾರದಂತೆ ಮಾಡುತ್ತವೆ ಅನ್ನುವುದು ಬೇರೆ. ಕಾಲಮ್ನಾರಿಸ್ ಅನುಮಾನವಿದ್ದರೆ ಪಶುವೈದ್ಯರ ಸಲಹೆಯಂತೆ, ಬೇರೆ ಟಬ್ಬಿನಲ್ಲಿ.

ಯಾರಿಗೆ ಯಾವುದು

ಗಿಡವಿಲ್ಲದ ತೊಟ್ಟಿಯಲ್ಲಿ ಗೋಲ್ಡ್‌ಫಿಷ್: ಉಪ್ಪು 3 ಗ್ರಾಂ, ಬಿಸಿ 26 ಡಿಗ್ರಿ ಏರುಪೇರಿಲ್ಲದೆ. ನಾಲ್ಕೈದು ದಿನಕ್ಕೂ ಬಗ್ಗದಿದ್ದರೆ ಹಸಿರು ಔಷಧ. ಗಪ್ಪಿ, ಮೊಲ್ಲಿಗೆ ಉಪ್ಪಿನ ಜೊತೆ 30 ಡಿಗ್ರಿಯನ್ನೂ ಸೇರಿಸಬಹುದು, ಬೇಗ ಮುಗಿಯುತ್ತದೆ.

ಗಿಡ ತುಂಬಿದ ತೊಟ್ಟಿಯಲ್ಲಿ ಟೆಟ್ರಾ, ಏಂಜೆಲ್: ಬಿಸಿ. ಸೀಗಡಿ ಇದ್ದರೆ ಔಷಧದ ಮಾತೇ ಬೇಡ. ಸೀಗಡಿ, ಗಿಡ ಅಲ್ಲೇ ಬಿಟ್ಟು ಮೀನುಗಳನ್ನಷ್ಟೇ ಟಬ್ಬಿಗೆ ತಂದು ಅಲ್ಲಿ ಚಿಕಿತ್ಸೆ ಮಾಡಿ.

ಲೋಚ್, ಕೋರಿಡೋರಸ್ ಒಂದೆರಡಾದರೆ ಬಕೆಟ್. ಗುಂಪಾದರೆ 30 ಡಿಗ್ರಿ, ಅದೂ ತಾಳದ ತಣ್ಣೀರಿನ ಕೋರಿಡೋರಸ್ ಜಾತಿಗಳಿಗೆ ಅರ್ಧ ಪ್ರಮಾಣದ ಸಿದ್ಧ ಔಷಧ.

ಫೈಟರ್: ಮೊದಲು ಟಾರ್ಚ್. ಅರಿಶಿನದ ಪುಡಿಯಂತೆ ಕಂಡರೆ ವೆಲ್ವೆಟ್. ತೊಟ್ಟಿಗೆ ಬಟ್ಟೆ ಹೊದಿಸಿ ಕತ್ತಲು ಮಾಡಿ, ವೆಲ್ವೆಟ್‌ಗೆಂದೇ ಇರುವ ತಾಮ್ರದ ಸಿದ್ಧ ಔಷಧ. ರವೆಯ ಚುಕ್ಕೆಯಾದರೆ ಉಪ್ಪು ಮತ್ತು 30 ಡಿಗ್ರಿ. ಎರಡು ಲೀಟರಿನ ಗಾಜಿನ ಬೋಗುಣಿಯಲ್ಲಿ ಮಾತ್ರ ಯಾವ ಚಿಕಿತ್ಸೆಯೂ ನಡೆಯುವುದಿಲ್ಲ. ಅಲ್ಲಿ ಬಿಸಿಯೂ ನಿಲ್ಲದು, ಅಮೋನಿಯಾವೂ ಇಳಿಯದು. ಹತ್ತು ಲೀಟರಿನ ಬಕೆಟ್ ಅದಕ್ಕಿಂತ ಒಳ್ಳೆಯ ಆಸ್ಪತ್ರೆ.

ಮಂಗಳೂರು, ಕಾರವಾರದ ಬೇಸಗೆಯಲ್ಲಿ ನೀರು ತಾನಾಗಿಯೇ 30ರ ಸುತ್ತ ಇರುತ್ತದೆ. ಅಲ್ಲಿ ಏಪ್ರಿಲಿನಲ್ಲಿ ಮೈಮೇಲೆ ಬಿಳಿ ಕಂಡರೆ ಇಕ್ ಎಂದು ತಟ್ಟನೆ ತೀರ್ಮಾನಿಸದೆ ಬಾಯಿ, ಬೆನ್ನು ಇನ್ನೊಮ್ಮೆ ನೋಡಿ. ಕಾಲಮ್ನಾರಿಸ್ ಇಷ್ಟಪಡುವ ಹವೆ ಅದು.

ಟಬ್, ಮತ್ತೆ ಹೊಸ ಮೀನು

ಚಿಕಿತ್ಸೆಯ ಟಬ್ ಅಂದರೆ 30–40 ಲೀಟರಿನ ಪ್ಲಾಸ್ಟಿಕ್ ಪಾತ್ರೆ, ಸ್ಪಾಂಜ್ ಫಿಲ್ಟರ್, ಹೀಟರ್, ಅಡಗಲು ಒಂದು ಪಿವಿಸಿ ಪೈಪಿನ ತುಂಡು. ಜಲ್ಲಿ ಬೇಡ. ಬಿಳಿ ಚುಕ್ಕೆಯಲ್ಲಿ ಒಂದು ಮೀನನ್ನು ಮಾತ್ರ ಟಬ್ಬಿಗೆ ತಂದು ಉಳಿದವನ್ನು ತೊಟ್ಟಿಯಲ್ಲೇ ಬಿಡುವುದು ನಿಷ್ಪ್ರಯೋಜಕ: ಚುಕ್ಕೆ ಕಾಣದವುಗಳ ಕಿವಿರಿನಲ್ಲೂ ಅದು ಸೇರಿರುತ್ತದೆ. ತಂದರೆ ಎಲ್ಲವನ್ನೂ ತನ್ನಿ, ಇಲ್ಲವೇ ತೊಟ್ಟಿಗೇ ಚಿಕಿತ್ಸೆ ಮಾಡಿ. ಊಟ ಅರ್ಧಕ್ಕಿಳಿಸಿ, ಟಬ್ಬಿನ ನೀರು ದಿನವೂ ಮೂರನೇ ಒಂದು ಭಾಗ ಬದಲಿಸಿ, ಬದಲಿಸಿದಷ್ಟಕ್ಕೆ ಮಾತ್ರ ಉಪ್ಪು ಅಥವಾ ಔಷಧ ಸೇರಿಸಿ.

ಬೆಂಗಳೂರಿನ ಅಂಗಡಿಗಳಿಗೆ ಬರುವ ಎಷ್ಟೋ ಮೀನು ಚೆನ್ನೈನ ಕೊಳತ್ತೂರಿನಂಥ ಕಡೆಯಿಂದ ರಾತ್ರಿಯಿಡೀ ಪ್ಲಾಸ್ಟಿಕ್ ಚೀಲದಲ್ಲಿ ಪಯಣಿಸಿ ಬಂದವು. ಬಳಲಿದ ಮೈಗೆ ಮೊದಲು ಹತ್ತುವುದು ಇದೇ ರೋಗ. ಅಂಗಡಿಗೆ ಬಂದ ದಿನವೇ ಕೊಳ್ಳಬೇಡಿ, ವಾರ ಬಿಟ್ಟು ಹೋಗಿ; ಆ ತೊಟ್ಟಿಯ ಯಾವುದಾದರೂ ಒಂದು ಮೀನು ಮೈ ಉಜ್ಜುತ್ತಿದ್ದರೆ ಬರಿಗೈಯಲ್ಲಿ ಬನ್ನಿ. ತಂದ ಮೀನನ್ನು ಮೇಲೆ ಹೇಳಿದ ಟಬ್ಬಿನಲ್ಲೇ ಮೂರರಿಂದ ನಾಲ್ಕು ವಾರ 26–27 ಡಿಗ್ರಿಯಲ್ಲಿ ಇಡಿ. ಚೀಲದ ನೀರು ತೊಟ್ಟಿಗೆ ಬೀಳದಿರಲಿ. ಹೊಸ ಗಿಡದ ಎಲೆಗೂ ಕವಚ ಅಂಟಿರಬಹುದು, ಅದನ್ನೂ ಮೀನಿಲ್ಲದ ನೀರಿನಲ್ಲಿ ಹತ್ತು ದಿನ ಬಿಡಿ. ಟಬ್ಬಿಗೊಂದು, ತೊಟ್ಟಿಗೊಂದು ಬೇರೆ ಬೇರೆ ಬಲೆ ಇರಲಿ. ಒಂದೇ ಇದ್ದರೆ ಪ್ರತಿ ಸಲವೂ ಬಿಸಿಲಿನಲ್ಲಿ ಪೂರ್ತಿ ಒಣಗಿದ ಮೇಲೆಯೇ ಇನ್ನೊಂದು ಕಡೆ ಅದ್ದಿ.